ಕಡಲಿದ್ದ ಕಡೆ ಕೆಂಡದ ಒಲೆ

ಅಂಗಡಿಯ ಮುಂದೆ ಉದ್ದನೆಯ ಕಬ್ಬಿಣದ ಒಲೆ. ಉದ್ದ ಒಂದಾಳು, ಅಗಲ ಒಂದು ಗೇಣು. ಕಡ್ಡಿಯ ಮಾಂಸ ಪೋಣಿಸಿದ ಭಾಗ ಕೆಂಡದ ಮೇಲೆ, ಹಿಡಿಯುವ ಭಾಗ ಒಲೆಯಿಂದಾಚೆ. ಎಡಗೈಯಲ್ಲಿ ಬೀಸಣಿಗೆ, ಬಲಗೈಯಲ್ಲಿ ಬುಡ ಜಜ್ಜಿದ ಮಜ್ಜಿಗೆ ಹುಲ್ಲು. ಆ ಹುಲ್ಲೇ ಕುಂಚ. ಎಣ್ಣೆಯಲ್ಲಿ ಅದ್ದಿ ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಸವರಿದರೆ ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ರೆನ್ನುತ್ತದೆ, ಹೊಗೆ ಏಳುತ್ತದೆ, ಬೀಸಣಿಗೆ ಆ ಹೊಗೆಯನ್ನು ಮತ್ತೆ ಮಾಂಸಕ್ಕೇ ಕುಡಿಸುತ್ತದೆ. ಅರಿಶಿನ, ಕೊತ್ತಂಬರಿ ಬೀಜ, ಸ್ವಲ್ಪ ಸಕ್ಕರೆ ಸುಡುವ ಘಮ. ಕಣ್ಣು ಮುಚ್ಚಿದರೆ ನಮ್ಮದೇ ಕರಾವಳಿಯ ಅಡುಗೆಮನೆ. ತೆರೆದರೆ ಎದುರಿಗೆ ಸಿಂಗಪುರದ ಜಲಸಂಧಿ, ಲಂಗರು ಹಾಕಿ ನಿಂತ ಹಡಗುಗಳ ದೀಪದ ಸಾಲು.

ಇದು ಈಸ್ಟ್ ಕೋಸ್ಟ್ ಲಗೂನ್ ಫುಡ್ ವಿಲೇಜ್. ಸಿಂಗಪುರದಲ್ಲಿ ನೂರಕ್ಕೂ ಹೆಚ್ಚು ಹಾಕರ್ ಸೆಂಟರ್‌ಗಳಿವೆ. ಸಾಲು ಸಾಲು ಪುಟ್ಟ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜು. ಹೆಚ್ಚಿನವು ವಸತಿ ಬಡಾವಣೆಗಳ ಬುಡದಲ್ಲಿ ಫ್ಯಾನಿನ ಗಾಳಿಯಲ್ಲಿ ನಡೆಯುತ್ತವೆ. ಇಲ್ಲಿ ಬೀಸುವುದು ಕಡಲ ಗಾಳಿ. ಏನು ತಿನ್ನಬೇಕು ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದು ಒಂದೇ ಮಾತು: ಸಂಜೆ ಹೋಗಿ, ಬೆಂಕಿಯ ಮುಂದೆ ನಿಂತು ಕೈಯಾಡಿಸುವವರ ಅಂಗಡಿ ಹುಡುಕಿ. ಯಾಕೆಂದು ಹೇಳಬೇಕಾದರೆ ಅಲ್ಲಿನ ನೆಲದ ಕಥೆಯಿಂದಲೇ ಶುರು ಮಾಡಬೇಕು. ಅರವತ್ತು ವರ್ಷದ ಹಿಂದೆ ಅಲ್ಲಿ ನೆಲವೇ ಇರಲಿಲ್ಲ.

ಆಗ ಕಡಲಂಚು ಇದ್ದದ್ದು ಒಳಗೆ, ಕಟೋಂಗ್ ಮತ್ತು ಸಿಗ್ಲಾಪ್ ಕಡೆ. ತೆಂಗಿನ ತೋಟ, ಮೀನುಗಾರರ ಕೇರಿಗಳು, ಸಿರಿವಂತರ ಬಂಗಲೆಗಳು ನೇರ ಮರಳಿಗೆ ಮುಖ ಮಾಡಿದ್ದವು. ಸ್ವತಂತ್ರವಾಗಿ ವರ್ಷ ತುಂಬುವುದರೊಳಗೆ, 1966ರಲ್ಲಿ, ಆ ಪುಟ್ಟ ದೇಶ ಕಡಲು ತುಂಬುವ ಕೆಲಸಕ್ಕೆ ಕೈ ಹಾಕಿತು. ಮಣ್ಣು ಬೇಕಿತ್ತು; ಬೆಡೋಕ್ ಮತ್ತು ಸಿಗ್ಲಾಪ್‌ನ ಗುಡ್ಡಗಳನ್ನು ಯಂತ್ರ ಹಚ್ಚಿ ಕಡಿದರು. ಕಡಿದ ಮಣ್ಣು ಕನ್ವೇಯರ್ ಬೆಲ್ಟ್ ಮೇಲೆ ಹಗಲೂ ರಾತ್ರಿ ಕಡಲಿಗೆ ಹರಿಯಿತು. ಏಳು ಹಂತಗಳಲ್ಲಿ, ಎರಡು ದಶಕದ ದುಡಿಮೆಯಲ್ಲಿ 1,525 ಹೆಕ್ಟೇರ್ ಹೊಸ ನೆಲ ಎದ್ದಿತು. ಗುಡ್ಡ ಹೋಗಿ ಬಯಲಾಯಿತು, ಕಡಲು ಹೋಗಿ ನೆಲವಾಯಿತು. ಆ ನೆಲದ ಮೇಲೆ ಮರೀನ್ ಪರೇಡ್ ಎಂಬ ಬಡಾವಣೆ, ವಿಮಾನ ನಿಲ್ದಾಣದ ಕಡೆ ಓಡುವ ಹೆದ್ದಾರಿ, ಅದರಾಚೆ ಸುಮಾರು 15 ಕಿಲೋಮೀಟರ್ ಉದ್ದದ ಈಸ್ಟ್ ಕೋಸ್ಟ್ ಪಾರ್ಕ್ ಬಂದವು. ಹಳೆಯ ಬಂಗಲೆಗಳು ಕಡಲಿಲ್ಲದ ಕಡಲಮನೆಗಳಾಗಿ ಉಳಿದವು.

ಇದೇ ವರ್ಷಗಳಲ್ಲಿ ಊರಿನೊಳಗೆ ಇನ್ನೊಂದು ಎತ್ತಂಗಡಿ ನಡೆದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಸಿಂಗಪುರದಲ್ಲಿ ಕೆಲಸವಿಲ್ಲದವರಿಗೆ ಬೇಗ ಕೈ ಹತ್ತುವ ಕಸುಬು ಎಂದರೆ ಬೀದಿಯಲ್ಲಿ ತಿಂಡಿ ಮಾರುವುದು. ಒಂದು ತಳ್ಳುಗಾಡಿ, ಇಲ್ಲವೇ ಹೆಗಲ ಅಡ್ಡೆಗೆ ಎರಡು ಬುಟ್ಟಿ; ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಮಸಾಲೆ ಹಚ್ಚಿದ ಮಾಂಸ. ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಟ್ಟ ಆ ಮಾಂಸವೇ ಸಾತೇ; ಅದನ್ನು ಮಾರುವ ಮಲಯರು ಮತ್ತು ಜಾವಾದವರು ಹೀಗೇ ಬೀದಿ ಸುತ್ತುತ್ತಿದ್ದರು. ನಲ್ಲಿ ನೀರಿಲ್ಲ, ತಟ್ಟೆ ತೊಳೆಯಲು ಒಂದೇ ಬಕೆಟ್, ಉಳಿದದ್ದೆಲ್ಲ ಚರಂಡಿಗೆ. ಕಾಲರಾ, ಟೈಫಾಯ್ಡ್ ಭಯ ತಪ್ಪಿದ್ದಲ್ಲ. ಪೊಲೀಸರು ಬಂದರೆ ಗಾಡಿ ಸಮೇತ ಓಟ, ಸಿಕ್ಕಿಬಿದ್ದರೆ ಬಂಡವಾಳವೇ ಹೋಯಿತು. ಆ ಬದುಕನ್ನು ಸಿಹಿ ನೆನಪು ಮಾಡಿ ಬರೆಯುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಮಳೆಯಲ್ಲಿ ನೆನೆಯುತ್ತ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಾಣಲೆ ಆಡಿಸಿದ ಹೆಂಗಸರಿಗೆ ನಲ್ಲಿ, ಸೂರು, ಒಂದು ಲೈಸೆನ್ಸ್ ಎಷ್ಟು ದೊಡ್ಡದಾಗಿತ್ತು ಎಂಬುದು ಅವರಿಗೇ ಗೊತ್ತು.

1968-69ರಲ್ಲಿ ಸರ್ಕಾರ ದ್ವೀಪದುದ್ದಕ್ಕೂ ಬೀದಿ ವ್ಯಾಪಾರಿಗಳನ್ನು, ಅಂದರೆ ಹಾಕರ್‌ಗಳನ್ನು, ನೋಂದಾಯಿಸಿತು. ಲೆಕ್ಕಕ್ಕೆ ಸಿಕ್ಕವರು ಸುಮಾರು 18,000 ಮಂದಿ. ಅವರನ್ನು ಓಡಿಸದೆ ಕೂರಿಸಲು ಜಾಗ ಕಟ್ಟಲು ಹೊರಟದ್ದು 1971ರಿಂದ. 1974ರಿಂದ 79ರ ನಡುವೆಯೇ 54 ಸೆಂಟರ್‌ಗಳು ಎದ್ದವು, 1986ರ ಹೊತ್ತಿಗೆ ಬೀದಿಯವರೆಲ್ಲ ಸೂರಿನಡಿ ಬಂದಿದ್ದರು. ಒಬ್ಬರ ಕೈಗೆ ಒಂದೇ ಅಡುಗೆ ಎಂಬ ರೂಢಿ ಮಾತ್ರ ಬೀದಿಯಿಂದ ಹಾಗೇ ಬಂತು. ಹೆಗಲ ಮೇಲೆ ಹೊರುವವರು ಹತ್ತು ಬಗೆ ಮಾಡುವುದು ಎಲ್ಲಿಂದ? ಮಾಡಿದ ಒಂದನ್ನೇ ನಲವತ್ತು ವರ್ಷ ಮಾಡಿದರು. ಹಾಕರ್ ಊಟದ ರುಚಿಯ ಗುಟ್ಟು ಇಷ್ಟೇ ಎಂದು ನನಗೆ ಅನಿಸಿದೆ.

ಹೊಸ ನೆಲದ ಪಾರ್ಕಿಗೆ ಭಾನುವಾರ ಜನ ಸೇರತೊಡಗಿದಾಗ ಅವರ ಹೊಟ್ಟೆಗೂ ಏನಾದರೂ ಬೇಕಾಯಿತು. ಎತ್ತಂಗಡಿಯಾದ ನೆಲ, ಎತ್ತಂಗಡಿಯಾದ ಒಲೆ, ಎರಡೂ ಕೂಡಿದ್ದು 1970ರ ದಶಕದ ಕೊನೆಗೆ, ಈ ಲಗೂನ್ ದಂಡೆಯಲ್ಲಿ. ಎರಡು ಸಾವಿರದ ಆರಂಭದ ವರ್ಷಗಳಲ್ಲಿ ಈ ಫುಡ್ ವಿಲೇಜನ್ನು ಹೊಸದಾಗಿ ಕಟ್ಟಿದರು. ಈಗ ಮೇಜುಗಳು ಬಯಲಿಗೆ ಚೆಲ್ಲಿಕೊಂಡಿವೆ, ಸೈಕಲ್ ತುಳಿದು ಬಂದವರು ಬೆವರೊರೆಸುತ್ತ ಕೂರುತ್ತಾರೆ, ಮರಳು ಮೆತ್ತಿದ ಕಾಲಿನ ಮಕ್ಕಳು ಓಡಾಡುತ್ತವೆ.

ಇನ್ನು ತಿನ್ನುವ ಮಾತು. ಒಂದೇ ಒಂದು ತಿನ್ನಲು ಹೊಟ್ಟೆಯಲ್ಲಿ ಜಾಗವಿದ್ದರೆ ಅದು ಸಂಬಾಲ್ ಹಚ್ಚಿ ಸುಟ್ಟ ತೊರಕೆಗೆ ಇರಲಿ. ಹೌದು, ನಮ್ಮ ಮಂಗಳೂರು, ಉಡುಪಿ ಕಡೆಯ ಅದೇ ತೊರಕೆ ಮೀನು. ಚಪ್ಪಟೆ ಮೈ, ಚಾಟಿಯ ಬಾಲ. ಮಲಯ ಭಾಷೆಯಲ್ಲಿ ಇಕಾನ್ ಪಾರಿ. ಒಂದು ಕಾಲದಲ್ಲಿ ಇದು ಅಲ್ಲಿ ಅಗ್ಗದ ಮೀನು, ಸಿರಿವಂತರ ತಟ್ಟೆಗೆ ಹೋಗುತ್ತಿರಲಿಲ್ಲ. ಕಾರಣ ಅದರ ಮೈಯಲ್ಲೇ ಇದೆ. ತೊರಕೆಯ ಮಾಂಸದಲ್ಲಿ ಯೂರಿಯಾ ಇರುತ್ತದೆ. ಮೀನು ಸ್ವಲ್ಪ ಹಳತಾದರೂ ಅದು ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಹಾಗಾಗಿ ತಾಜಾ ಮೀನು ಬೇಕು, ಜೊತೆಗೆ ಜೋರು ಮಸಾಲೆ ಬೇಕು.

ಆ ಜೋರು ಮಸಾಲೆಯೇ ಸಂಬಾಲ್. ನೆನೆಸಿದ ಒಣಮೆಣಸು, ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲು, ಹುಣಸೆ, ಇವೆಲ್ಲದಕ್ಕೂ ಬೆನ್ನೆಲುಬಾಗಿ ಬೆಲಾಚಾನ್. ಪುಟಾಣಿ ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಅರೆದು, ಒಣಗಿಸಿ, ಇಟ್ಟಿಗೆಯಂತೆ ಮಾಡಿದ ಗಟ್ಟಿ ಅದು. ಕೆಂಡದ ಮೇಲೆ ಹುರಿದಾಗ ಅದರ ವಾಸನೆ ಅರ್ಧ ಬೀದಿಗೆ ಹಬ್ಬುತ್ತದೆ. ಒಣ ಸಿಗಡಿ ಚಟ್ನಿ ತಿಂದು ಬೆಳೆದವರಿಗೆ ಆ ವಾಸನೆ ಅಪರಿಚಿತವಲ್ಲ. ಉಳಿದವರು ಎರಡು ನಿಮಿಷ ತಾಳಬೇಕು. ಈ ಅರಪನ್ನು ಎಣ್ಣೆ ಬಿಡುವವರೆಗೆ ಬಾಡಿಸಿ, ತೊರಕೆಯ ರೆಕ್ಕೆಯ ಮೇಲೆ ದಪ್ಪಗೆ ಬಳಿದು, ಬಾಳೆಲೆಯ ಮೇಲಿಟ್ಟು ಸುಡುತ್ತಾರೆ. ಎಲೆಯ ಅಂಚು ಕರಟಿ ಮುರುಟುತ್ತದೆ. ತಟ್ಟೆಗೆ ಬಂದಾಗ ಮೇಲೆ ಕಡುಕೆಂಪು, ಅಡಿಯಲ್ಲಿ ಬೆಳ್ಳಗೆ. ತೊರಕೆಗೆ ಮುಳ್ಳಿಲ್ಲ, ಮೃದುವಾದ ಎಲುಬಿನ ಬೀಸಣಿಗೆಯೇ ಅದರ ಒಳಮೈ. ಚಮಚ ಅಡ್ಡಕ್ಕೆ ಒತ್ತಿದರೆ ಮಾಂಸ ನೂಲುನೂಲಾಗಿ, ದಾರದ ಎಳೆಯಂತೆ ಬಿಡಿಸಿಕೊಳ್ಳುತ್ತದೆ. ಪಕ್ಕದಲ್ಲಿ ಚಿಂಚಾಲೊಕ್, ಅಂದರೆ ಹುದುಗಿಸಿದ ಸಿಗಡಿಯ ತೆಳು ಗೊಜ್ಜು, ಮೇಲೆ ಹಿಂಡಲು ಕಲಮಾನ್ಸಿ ಎಂಬ ಪುಟ್ಟ ನಿಂಬೆ. ಆ ಹುಳಿ ಹಿಂಡದೆ ತಿನ್ನಬೇಡಿ. ಖಾರ ಹದಕ್ಕೆ ಬರುವುದೇ ಅದರಿಂದ.

ಒಂದು ಕಾಲದ ಅಗ್ಗದ ಮೀನು ಈಗ ಇಲ್ಲಿಗೆ ಬಂದವರು ಮೊದಲು ಹುಡುಕುವ ತಟ್ಟೆ. ಮಲಯರ ಈ ಅಡುಗೆ ಇಂದು ಚೀನೀ ಮೂಲದವರ ಅಂಗಡಿಗಳಲ್ಲೂ ಸಿಗುತ್ತದೆ. ಇದನ್ನು ಕದ್ದದ್ದು ಎನ್ನಲಾರೆ. ರಸ್ತೆ ಬದಿಯಲ್ಲಿ ಅಕ್ಕಪಕ್ಕ ಗಾಡಿ ನಿಲ್ಲಿಸಿದವರು ಒಬ್ಬರ ಬಾಣಲೆಯ ಘಮವನ್ನು ಇನ್ನೊಬ್ಬರು ದಿನವೂ ಕುಡಿದಿದ್ದಾರೆ.

ಅದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಸಾತೇ ಬೀ ಹೂನ್. ಸಾತೇ ಕಡ್ಡಿಯ ಜೊತೆ ಮಲಯರು ಕೊಡುವುದು ಕಡಲೆಕಾಯಿ ಗೊಜ್ಜು, ಸೌತೆಕಾಯಿ, ಈರುಳ್ಳಿ, ತೆಂಗಿನ ಗರಿಯ ಹೆಣಿಗೆಯಲ್ಲಿ ಬೇಯಿಸಿದ ಕೆತುಪಾತ್ ಎಂಬ ಅನ್ನದ ಗಟ್ಟಿ. ಆ ಗೊಜ್ಜನ್ನು ಕಂಡ ತಿಯೋಚ್ಯು ಚೀನಿಯರು ಅದನ್ನು ಬೇಯಿಸಿದ ಅಕ್ಕಿ ಶಾವಿಗೆಯ ಮೇಲೆ ಸುರಿದರು. ಮೇಲೆ ಕಪ್ಪೆಚಿಪ್ಪಿನ ಮಾಂಸ, ಕಂಗ್‌ಕೊಂಗ್ ಸೊಪ್ಪು, ಬೊಂಡಾಸ್, ಹಂದಿಮಾಂಸದ ಚೂರು. ನಮ್ಮ ಶಾವಿಗೆಗೆ ಕಾಯಿಹಾಲು ಬೆರೆಸುವಂತೆ ಅಲ್ಲಿ ಕಡಲೆಕಾಯಿ ಗೊಜ್ಜು ಬೆರೆಯುತ್ತದೆ. ನಾನಂತೂ ತಟ್ಟೆಯನ್ನು ಬೆರಳಲ್ಲಿ ಒರೆಸಿದ್ದೇನೆ.

ಕ್ಯಾರೆಟ್ ಕೇಕ್ ಎಂಬ ಹೆಸರು ನೋಡಿ ಸಿಹಿ ಎಂದುಕೊಳ್ಳಬೇಡಿ, ಅದರಲ್ಲಿ ಕ್ಯಾರೆಟ್ಟೂ ಇಲ್ಲ. ತುರಿದ ಮೂಲಂಗಿಯನ್ನು ಅಕ್ಕಿಹಿಟ್ಟಿನೊಂದಿಗೆ ಕಲಸಿ ಹಬೆಯಲ್ಲಿ ಬೇಯಿಸಿದ ಕಡುಬು ಅದು. ಮಾರನೆಯ ದಿನದ ಇಡ್ಲಿಗೆ ಒಗ್ಗರಣೆ ಕೊಡುವ ಹಾಗೆ, ತುಂಡು ಮಾಡಿ ಕಾವಲಿಯ ಮೇಲೆ ಉಪ್ಪಿನ ಮೂಲಂಗಿ, ಬೆಳ್ಳುಳ್ಳಿ, ಮೊಟ್ಟೆಯೊಂದಿಗೆ ಹುರಿಯುತ್ತಾರೆ. ಬಿಳಿಯದು ಗರಿಗರಿ, ಕಪ್ಪು ಸೋಯಾ ಹಾಕಿದ್ದು ಸಿಹಿ. ಬಿಳಿಯದೇ ನನಗೆ ಇಷ್ಟ.

ಉಳಿದವನ್ನು ಹೊಟ್ಟೆ ನೋಡಿಕೊಂಡು ಆರಿಸಿ: ಗೆಣಸಿನ ಹಿಟ್ಟಿನಲ್ಲಿ ಹುರಿದ ಮರುವಾಯಿಯ ದೊಡ್ಡಣ್ಣನಂಥ ಆಯಿಸ್ಟರ್ ಆಮ್ಲೆಟ್, ಸಿಗಡಿ ಸಾರು ಹೀರಿದ ಹೊಕ್ಕಿಯೆನ್ ಮೀ ಎಂಬ ನೂಡಲ್ಸ್, ಕೆಂಡದಲ್ಲಿ ಸುಟ್ಟ ಕೋಳಿ ರೆಕ್ಕೆ, ಕಬ್ಬಿನ ಹಾಲು. ಚಿಲ್ಲಿ ಕ್ರ್ಯಾಬ್ ಹುಟ್ಟಿದ್ದೂ ಸಿಂಗಪುರದ ನೀರಂಚಿನಲ್ಲೇ. ಚೆರ್ ಯಾಮ್ ತಿಯಾನ್ ಎಂಬ ಗೃಹಿಣಿ 1956ರಲ್ಲಿ ಕಲ್ಲಾಂಗ್ ಬಳಿ ಗಾಡಿಯಲ್ಲಿ ಏಡಿ ಮಾರಿದ್ದರು. ಅದನ್ನು ದೊಡ್ಡ ಹೋಟೆಲುಗಳಿಗೆ ಬಿಡಿ, ಇಲ್ಲಿ ಬೇಡ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು: ಸೊಪ್ಪಿನ ಪಲ್ಯದಲ್ಲೂ ಬೆಲಾಚಾನ್ ಇರಬಹುದು, ತರಕಾರಿ ಸುರುಳಿ ಪೋಪಿಯಾದಲ್ಲೂ ಸಿಗಡಿ ಇರಬಹುದು. ನಾಚಿಕೆ ಬಿಟ್ಟು ಕೇಳಿ. ಅಲ್ಲಿ ಅಂಗಡಿಯವರನ್ನು ಎಲ್ಲರೂ ಕರೆಯುವುದು ಅಂಕಲ್, ಆಂಟಿ ಎಂದೇ, ಪ್ರಶ್ನೆಗೆ ಅವರು ಬೇಸರಿಸುವುದಿಲ್ಲ.

ಮೊದಲು ಮೇಜು ಹಿಡಿಯಬೇಕು. ಬಸ್ಸಿನ ಸೀಟಿಗೆ ಟವೆಲ್ ಹಾಕುವ ನಮ್ಮವರಿಗೆ ಇದನ್ನು ಕಲಿಸಬೇಕಿಲ್ಲ; ಅಲ್ಲಿ ಟಿಶ್ಯೂ ಪೊಟ್ಟಣ ಇಟ್ಟರೆ ಸೀಟು ನಿಮ್ಮದು, ಇದಕ್ಕೆ 'ಚೋಪ್' ಎನ್ನುತ್ತಾರೆ. ಸಾತೇ ಸಾಮಾನ್ಯವಾಗಿ ಹತ್ತು ಕಡ್ಡಿಗಿಂತ ಕಡಿಮೆ ಕೊಡುವುದಿಲ್ಲ. ತಿಂದಾದ ಮೇಲೆ ತಟ್ಟೆಯನ್ನು ನೀವೇ ಮರಳಿಸಬೇಕು, 2021ರಿಂದ ಅದು ಕಡ್ಡಾಯ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟು. ಮೇಜು ಮಾತ್ರ ಒಂದೇ. ಹಂದಿ ತಿನ್ನುವವರು, ತಿನ್ನದವರು, ಮಾಂಸವೇ ಮುಟ್ಟದವರು ಒಂದೇ ಮೇಜಿನ ಸುತ್ತ ತಮ್ಮ ತಮ್ಮ ತಟ್ಟೆ ಹಿಡಿದು ಕೂರುವುದನ್ನು ನೋಡಿದಾಗೆಲ್ಲ ನನಗೆ ಎದೆ ತುಂಬಿದೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗೌರವ ಸಂದದ್ದು ಅಡುಗೆಯಷ್ಟೇ ಈ ಕೂಡಿ ಕೂರುವಿಕೆಗೂ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕೈ ಬದಲಾಗುವುದಿಲ್ಲ. ಹಾಕರ್‌ಗಳ ಸರಾಸರಿ ವಯಸ್ಸು ಅರವತ್ತರ ಆಸುಪಾಸು. ಕೆಂಡದ ಶಾಖದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲುವ ಕೆಲಸಕ್ಕೆ ಓದಿದ ಮಕ್ಕಳು ಬರಲೊಲ್ಲರು. ಬಾ ಎಂದು ಕರೆಯಲು ಎಷ್ಟೋ ತಂದೆತಾಯಿಗೇ ಮನಸ್ಸಿಲ್ಲ. ಗ್ಯಾಸಿನ ಒಲೆ ಅಗ್ಗ, ಹಗುರ. ಕೆಂಡ ಹಚ್ಚುವುದೆಂದರೆ ಒಂದು ಗಂಟೆ ಮೊದಲೇ ಬರಬೇಕು, ಬೂದಿ ತೆಗೆಯಬೇಕು, ಕಣ್ಣು ಉರಿಸಿಕೊಳ್ಳಬೇಕು. ಕೈಯಾಡಿಸುವವರ ಅಂಗಡಿ ಹುಡುಕಿ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ. ಇಲ್ಲಿನ ನೆಲ ಹೊಸದು, ಕಟ್ಟಡ ಹೊಸದು, ಮರಗಳೂ ನೆಟ್ಟವು. ಬೀದಿಯ ಕಾಲದಿಂದ ಮುರಿಯದೆ ಬಂದಿರುವುದು ಆ ಬೀಸಣಿಗೆಯ ಲಯ ಒಂದೇ.

ನೆಲ ಮತ್ತೂ ಸರಿಯಲಿದೆ. ಈಸ್ಟ್ ಕೋಸ್ಟಿನ ನೆಲ ತಗ್ಗು, ಕಡಲ ಮಟ್ಟ ಏರುತ್ತಿದೆ. 2023ರ ನವೆಂಬರ್‌ನಲ್ಲಿ ಸಿಂಗಪುರ ಸರ್ಕಾರ 'ಲಾಂಗ್ ಐಲ್ಯಾಂಡ್' ಎಂಬ ಯೋಜನೆ ಮುಂದಿಟ್ಟಿತು: ಈ ದಂಡೆಯಾಚೆ ಸುಮಾರು 800 ಹೆಕ್ಟೇರ್ ನೆಲ ಎಬ್ಬಿಸುವುದು, ಹೊಸ ನೆಲಕ್ಕೂ ಹಳೆಯ ದಂಡೆಗೂ ನಡುವಿನ ನೀರನ್ನು ಸಿಹಿನೀರಿನ ಜಲಾಶಯ ಮಾಡುವುದು. ದಶಕಗಳ ಕೆಲಸ. ಮುಗಿದ ದಿನ ಕಟೋಂಗಿನ ಬಂಗಲೆಗಳಿಗೆ ಆದದ್ದೇ ಈ ಮೇಜುಗಳಿಗೂ ಆಗುತ್ತದೆ. ಎದುರಿಗಿರುವುದು ಕಡಲಲ್ಲ, ಕೆರೆ. 2024ರಲ್ಲಿ ಹತ್ತಿರದ ಬೇಶೋರ್‌ಗೆ ಮೆಟ್ರೊ ಬಂದಿದೆ, ಈಗ ಹೋಗುವುದು ಸುಲಭ. ಉಪ್ಪುಗಾಳಿ ಇರುವಾಗಲೇ ಒಮ್ಮೆ ಹೋಗಿ ಬನ್ನಿ.

ಕಳೆದ ಸಲ ನಾನು ಏಳುವ ಹೊತ್ತಿಗೆ ಜನ ಕರಗಿದ್ದರು. ಸಾತೇ ಅಂಕಲ್ ಚದುರಿದ ಕೆಂಡವನ್ನೆಲ್ಲ ಒಲೆಯ ಒಂದು ಮೂಲೆಗೆ ಎಳೆದು ಕೊನೆಯ ಹತ್ತು ಕಡ್ಡಿ ಹರಡಿದ್ದರು. ಎದುರಿಗೆ ಸೈಕಲ್ ಹಿಡಿದ ಒಬ್ಬ ಹುಡುಗ ಕಾಯುತ್ತಿದ್ದ. ಬೀಸಣಿಗೆ ಪಟಪಟ ಬಡಿಯಿತು, ಕಿಡಿ ಹಾರಿತು, ಹಿಂದಿನಿಂದ ಅಲೆಯ ಸದ್ದು ಕೇಳುತ್ತಿತ್ತು.