ಪೂರ್ವ ಹಲ್‌ನ ರೋವರ್ಸ್

ಇಂಗ್ಲೆಂಡಿನ ಹಲ್ ಕಿಂಗ್‌ಸ್ಟನ್ ರೋವರ್ಸ್ ಎಂಬ ರಗ್ಬಿ ಲೀಗ್ ತಂಡದಲ್ಲಿ 6ನೇ ಸಂಖ್ಯೆಯ ಅಂಗಿಯನ್ನು ಈಗ ಯಾರಿಗೂ ಕೊಡುವುದಿಲ್ಲ. ಅದು ರೋಜರ್ ಮಿಲ್‌ವರ್ಡ್ ಅವರದು. ಐದಡಿ ನಾಲ್ಕಿಂಚು ಎತ್ತರದ ಈ ಪುಟ್ಟ ಆಳು 1966ರಲ್ಲಿ ಕ್ಯಾಸಲ್‌ಫರ್ಡ್‌ನಿಂದ ಬಂದು, ದೈತ್ಯರ ನಡುವೆ ನುಸುಳಿ ನುಸುಳಿ ರೋವರ್ಸ್‌ಗಾಗಿ 207 ಟ್ರೈ ಗಳಿಸಿದರು.

1980ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ಎದುರಾಗಿದ್ದು ಅದೇ ಊರಿನ ಹಲ್ ಎಫ್‌ಸಿ. ಹಲ್ ನದಿಯ ಪೂರ್ವಕ್ಕೆ ರೋವರ್ಸ್, ಪಶ್ಚಿಮಕ್ಕೆ ಎಫ್‌ಸಿ; ಮನೆಮನೆಯಲ್ಲೂ ಪಕ್ಷ. ಊರಿಗೆ ಊರೇ ಲಂಡನ್ನಿನ ವೆಂಬ್ಲಿಗೆ ಹೊರಟಾಗ, ಕೊನೆಗೆ ಹೊರಡುವವರು ದೀಪ ಆರಿಸಿ ಬನ್ನಿ ಎಂದು ಯಾರೋ ಹೆದ್ದಾರಿಯಲ್ಲಿ ಫಲಕ ಹಾಕಿದ್ದರೆಂದು ಇಂದಿಗೂ ಹೇಳುತ್ತಾರೆ. ಆಟದ ಆರಂಭದಲ್ಲೇ ಮಿಲ್‌ವರ್ಡ್ ಅವರ ದವಡೆ ಮುರಿಯಿತು. ಅವರು ಮೈದಾನ ಬಿಡಲಿಲ್ಲ. ಮುರಿದ ದವಡೆಯಲ್ಲೇ ಆಟ ಮುಗಿಸಿ, ತಂಡವನ್ನು 10-5ರಿಂದ ಗೆಲ್ಲಿಸಿ, ನಾಯಕನಾಗಿ ಕಪ್ ಎತ್ತಿದರು. ಆಮೇಲೆ ತರಬೇತುದಾರರಾಗಿ 1984 ಮತ್ತು 1985ರಲ್ಲಿ ಲೀಗ್ ಪ್ರಶಸ್ತಿಯನ್ನೂ ತಂದುಕೊಟ್ಟರು.

ರಗ್ಬಿ ಲೀಗ್ ಉತ್ತರ ಇಂಗ್ಲೆಂಡಿನ ದುಡಿಯುವವರ ಆಟ. ಕೂಲಿ ಬಿಟ್ಟು ಆಡಲು ಬಂದವರಿಗೆ ಆ ದಿನದ ನಷ್ಟ ತುಂಬಿಕೊಡಬೇಕೇ ಎಂಬ ಜಗಳದಲ್ಲಿ 1895ರಲ್ಲಿ ಬೇರೆಯಾಗಿ ಬೆಳೆದದ್ದು. ತಂಡಕ್ಕೆ 13 ಮಂದಿ. ಚೆಂಡು ಹಿಡಿದವನನ್ನು ನಮ್ಮ ಕಬಡ್ಡಿಯ ರೈಡರ್‌ನಂತೆ ಕೆಡವಿ ಹಿಡಿಯುತ್ತಾರೆ. ಹಾಗೆ ಆರು ಸಲ ಹಿಡಿದರೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೂರಿದರೆ ಟ್ರೈ, ನಾಲ್ಕು ಅಂಕ. ರೋವರ್ಸ್ ಕಟ್ಟಿದವರೂ ಬಾಯ್ಲರ್ ಕೆಲಸ ಕಲಿಯುತ್ತಿದ್ದ ಹುಡುಗರೇ, 1882ರಲ್ಲಿ.

1985ರ ನಂತರ ದೊಡ್ಡ ಪ್ರಶಸ್ತಿಯೆಂಬುದೇ ಇಲ್ಲವಾಯಿತು. 2015ರ ಕಪ್ ಫೈನಲ್‌ನಲ್ಲಿ ಲೀಡ್ಸ್ ವಿರುದ್ಧ 50-0 ಸೋಲು. ಮರುವರ್ಷ ಮೇ ತಿಂಗಳಲ್ಲಿ ಮಿಲ್‌ವರ್ಡ್ ತೀರಿಕೊಂಡರು. ಅದೇ ವರ್ಷದ ಶರತ್ಕಾಲದಲ್ಲಿ, ದರ್ಜೆ ಉಳಿಸಿಕೊಳ್ಳುವ ನಿರ್ಣಾಯಕ ಪಂದ್ಯದಲ್ಲಿ, ಎರಡು ನಿಮಿಷ ಉಳಿದಿರುವಾಗ 18-10ರಿಂದ ಮುಂದಿದ್ದ ತಂಡ ಸಾಲ್ಫರ್ಡ್‌ಗೆ 19-18ರಿಂದ ಸೋತು ಕೆಳ ದರ್ಜೆಗೆ ಇಳಿಯಿತು. ಒಂದೇ ವರ್ಷದಲ್ಲಿ ಮೇಲೆ ಬಂದರೂ 2020ರಲ್ಲಿ ಮತ್ತೆ ಪಟ್ಟಿಯ ತಳ. ಕೋವಿಡ್ ಕಾರಣದಿಂದ ಆ ವರ್ಷ ಹಿಂಬಡ್ತಿ ಇರಲಿಲ್ಲ. ಇದ್ದಿದ್ದರೆ ಮುಂದಿನದ್ದು ಬೇರೆಯೇ ಕಥೆ.

ಅಲ್ಲಿಂದ ತಂಡವನ್ನು ಕಟ್ಟಿದ ರೀತಿಯೇ ನನ್ನನ್ನು ಸೆಳೆದದ್ದು. ತರಬೇತುದಾರ ಟೋನಿ ಸ್ಮಿತ್ ಊರಿನ ಹುಡುಗ ಮೈಕಿ ಲೂಯಿಸ್‌ಗೆ ಅವಕಾಶ ಕೊಟ್ಟರು. ಹಲ್‌ನಲ್ಲೇ ಹುಟ್ಟಿದ ಈ ಹುಡುಗ ಆಡುವುದು ಮಿಲ್‌ವರ್ಡ್ ಆಡುತ್ತಿದ್ದ ಜಾಗದಲ್ಲೇ, ಬೆನ್ನ ಮೇಲೆ ಬೇರೆ ಸಂಖ್ಯೆ ಹೊತ್ತು. 2024ರಲ್ಲಿ ಅಗ್ರ ದರ್ಜೆಯಾದ ಸೂಪರ್ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ‘ಮ್ಯಾನ್ ಆಫ್ ಸ್ಟೀಲ್’ ಅವನ ಪಾಲಾಯಿತು. 2023ರಲ್ಲಿ ತರಬೇತುದಾರರಾಗಿ ಚುಕ್ಕಾಣಿ ಹಿಡಿದ ಆಸ್ಟ್ರೇಲಿಯಾದ ವಿಲ್ಲಿ ಪೀಟರ್ಸ್ ಹುರುಪಿನ ಜೊತೆಗೆ ಅನುಭವವನ್ನೂ ತಂದರು. ಆಸ್ಟ್ರೇಲಿಯಾದ ಸಿಡ್ನಿ ರೂಸ್ಟರ್ಸ್‌ಗೆ 300ಕ್ಕೂ ಹೆಚ್ಚು ಪಂದ್ಯ ಆಡಿ ಮೂರು ಪ್ರಶಸ್ತಿ ಕಂಡಿದ್ದ ಜ್ಯಾರೆಡ್ ವಾರೇಯಾ-ಹಾರ್ಗ್ರೀವ್ಸ್ 36ನೇ ವಯಸ್ಸಿನಲ್ಲಿ ರೋವರ್ಸ್ ಮೈದಾನವಾದ ಕ್ರೇವನ್ ಪಾರ್ಕಿಗೆ ಬಂದರು. ಫೈನಲ್ ಸೋತು ಸೋತು ಬೆಂದಿದ್ದ ತಂಡಕ್ಕೆ (2023ರ ಚಾಲೆಂಜ್ ಕಪ್‌ನಲ್ಲಿ ಲೀ ತಂಡದ ವಿರುದ್ಧ ಒಂದೇ ಅಂಕದಿಂದ, 2024ರಲ್ಲಿ ಲೀಗ್ ಪ್ರಶಸ್ತಿ ನಿರ್ಧರಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ವಿರುದ್ಧ 9-2) ಗೆದ್ದು ಬಲ್ಲವನೊಬ್ಬ ಬೇಕೇ ಬೇಕಿತ್ತು.

2025ರ ಜೂನ್‌ನಲ್ಲಿ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್. ಎದುರಾಳಿ ವಾರಿಂಗ್ಟನ್ ಮುಂದಿತ್ತು. ಮುಗಿಯಲು ಎರಡು ನಿಮಿಷವಿದ್ದಾಗ ಟಾಮ್ ಡೇವಿಸ್ ಟ್ರೈ ಮಾಡಿದರು, ಲೂಯಿಸ್ ಒದ್ದ ಚೆಂಡು ಕಂಬಗಳ ನಡುವೆ ಹಾದುಹೋಯಿತು: 8-6. ನಾಲ್ಕು ದಶಕಗಳ ಬರ ನೀಗಿತು. ಅದೇ ವರ್ಷ ಲೀಗ್ ಅಗ್ರಸ್ಥಾನವೂ, ವಿಗನ್ ವಿರುದ್ಧ 24-6ರಿಂದ ಗ್ರ್ಯಾಂಡ್ ಫೈನಲ್ಲೂ ಅವರದಾದವು.

ಆದರೂ ಒಂದು ಕಳವಳ. 2021ರಲ್ಲಿ ಆಡಳಿತ ಸಂಸ್ಥೆ ಇದೇ ಕ್ಲಬ್‌ಗೆ ಯುವ ಆಟಗಾರರ ಅಕಾಡೆಮಿ ಪರವಾನಗಿಯನ್ನು ಮೊದಲು ನಿರಾಕರಿಸಿ, ಆಕ್ಷೇಪ ಎದ್ದ ಮೇಲಷ್ಟೇ ಕೊಟ್ಟಿತ್ತು. ಊರ ಹುಡುಗರು ಬೆಳೆಯುವ ಅಂಗಳವನ್ನೇ ಮುಚ್ಚಿದರೆ ಇಂಥ ತಂಡ ಮತ್ತೆ ಕಟ್ಟುವುದು ಯಾರಿಂದ? ವಾರೇಯಾ-ಹಾರ್ಗ್ರೀವ್ಸ್ 2025ರ ಋತು ಮುಗಿಸಿ ನಿವೃತ್ತರಾದರು. ಆಸ್ಟ್ರೇಲಿಯಾದ ಲೀಗ್ ಇಂಗ್ಲೆಂಡಿಗಿಂತ ಎಷ್ಟೋ ಹೆಚ್ಚು ಹಣ ಕೊಡುತ್ತದೆ, ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಅತ್ತ ಹೋಗುತ್ತಿದ್ದಾರೆ. ಲೂಯಿಸ್ ಮಾತ್ರ ಇನ್ನಷ್ಟು ಕಾಲ ಪೂರ್ವ ಹಲ್‌ನಲ್ಲೇ ಆಡಲಿ ಎಂದು ಮನಸ್ಸು ಬಯಸುತ್ತದೆ.