ಮೂಕ ರೇಡಿಯೋಗೆ ಮರಳಿ ದನಿ

ಅಟ್ಟದ ಮೂಲೆಯಲ್ಲಿ, ಹಳೆಯ ಹಿತ್ತಾಳೆಯ ಪಾತ್ರೆಗಳ ಹಿಂದೆ, ದೂಳು ಮುಸುಕಿದ ಮರದ ಪೆಟ್ಟಿಗೆಯೊಂದು ಮೌನವಾಗಿ ಕುಳಿತಿರುವ ಮನೆಗಳು ಇಂದಿಗೂ ಉಂಟು. ಒಂದು ಕಾಲಕ್ಕೆ ಕಸೂತಿಯ ಹೊದಿಕೆ ಹೊದ್ದು ನಡುಮನೆಯಲ್ಲಿ ಮೆರೆದ ವಾಲ್ವ್ ರೇಡಿಯೋ ಅದು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ನಿಲಯದ ಹೆಸರಾಯಿತು. ಮುಂದಿನ ದಶಕಗಳಲ್ಲಿ ವಾರ್ತೆ, ಸಂಗೀತ, ನಾಟಕಗಳು ಕನ್ನಡದ ಮನೆಗಳನ್ನು ಹೊಕ್ಕದ್ದು ಇಂಥ ಪೆಟ್ಟಿಗೆಗಳ ಮೂಲಕವೇ.

ಅದನ್ನು ಕೆಳಗಿಳಿಸಿದ ಮೊಮ್ಮಗನಿಗೆ ಹುಟ್ಟುವ ಆಸೆಗಳು ಎರಡು: ಒಡನೆಯೇ ವಿದ್ಯುತ್ತಿಗೆ ಜೋಡಿಸುವುದು, ದನಿ ಬಾರದಿದ್ದರೆ ಒಳಗಿನ ತಿರುಪುಗಳನ್ನೆಲ್ಲ ತಿರುಗಿಸಿ ನೋಡುವುದು. ಅಷ್ಟು ಕಾಲ ಉಳಿದುಬಂದ ರೇಡಿಯೋ ಕೆಡಲು ಈ ಎರಡೇ ಸಾಕು.

ವರ್ಷಗಟ್ಟಲೆ ಸುಮ್ಮನಿದ್ದ ರೇಡಿಯೋದಲ್ಲಿ ಮೊದಲು ಕೆಡುವುವು ಕಂಡೆನ್ಸರುಗಳು. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳ ಒಳದ್ರವ ಒಣಗುತ್ತದೆ. ಕಾಗದದವು ತೇವವನ್ನು ಹೀರಿ ಸೋರತೊಡಗುತ್ತವೆ. ಕಡೆಯ ವಾಲ್ವಿಗೆ ದನಿಯನ್ನೊಯ್ಯುವ ಪುಟ್ಟ ಕಂಡೆನ್ಸರು ಸೋರಿದರಂತೂ ಆ ವಾಲ್ವಿನಲ್ಲಿ ಪ್ರವಾಹವು ಮಿತಿಮೀರಿ, ಅದೂ ಅದರ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಅಲ್ಪ ಬೆಲೆಯ ವಸ್ತುವನ್ನು ಬದಲಿಸದೆ, ಸುಲಭವಾಗಿ ದೊರೆಯದ ವಸ್ತುವನ್ನು ಕಳೆದುಕೊಂಡಂತಾಗುತ್ತದೆ. ಆದ್ದರಿಂದ ಇವನ್ನು ಬದಲಿಸಿದ ಮೇಲೆಯೂ, ಮೊದಲ ಬಾರಿಗೆ 60 ವಾಟಿನ ತಂತಿಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿಯೇ ವಿದ್ಯುತ್ತು ಕೊಡುವುದು ವಾಡಿಕೆ. ಬಲ್ಬು ಪೂರ್ಣಪ್ರಭೆಯಿಂದ ಉರಿಯುತ್ತಲೇ ಇದ್ದರೆ ಒಳಗೆ ದೋಷವುಂಟೆಂದು ತಿಳಿಯಬೇಕು.

ಪ್ರಾಣದ ಮಾತು ಇದಕ್ಕಿಂತ ದೊಡ್ಡದು. ಒಳಗೆ ಹರಿಯುವುದು ಸುಮಾರು 250 ವೋಲ್ಟು. ಸ್ವಿಚ್ಚನ್ನು ಆರಿಸಿದ ಮೇಲೂ ಅದು ಕಂಡೆನ್ಸರಿನಲ್ಲಿ ಉಳಿದಿರಬಹುದು; ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಿಂದ ಖಚಿತಪಡಿಸಿಕೊಳ್ಳದೆ ಕೈಯಿಕ್ಕಲಾಗದು. ಎ.ಸಿ.–ಡಿ.ಸಿ. ಎರಡಕ್ಕೂ ಹೊಂದುವ ರೇಡಿಯೋಗಳಲ್ಲಿ ಲೋಹದ ಚೌಕಟ್ಟಿಗೇ ಮನೆಯ ವಿದ್ಯುತ್ತು ತಗುಲಿರಬಹುದು. ಇದನ್ನರಿಯದವರು ಬಲ್ಲ ರಿಪೇರಿಗಾರರ ನೆರವನ್ನು ಪಡೆಯುವುದೇ ವಿವೇಕ.

ತಿರುಪುಗಳ ಸರದಿ ಬರುವುದು ಕಟ್ಟಕಡೆಗೆ. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟ್ ವಿಧಾನದಲ್ಲಿ, ಯಾವ ನಿಲಯದ ಅಲೆಯಾದರೂ ಒಂದೇ ಕಂಪನಾಂಕಕ್ಕೆ ಮಾರ್ಪಡುತ್ತದೆ. ನಿಲಯದ್ದು 1000 ಕಿಲೋಹರ್ಟ್ಸ್ ಆಗಿದ್ದರೆ ರೇಡಿಯೋ ತಾನೇ 1455ನ್ನು ಹುಟ್ಟಿಸಿ, ವ್ಯತ್ಯಾಸವಾದ 455ನ್ನು ಹಿಡಿಯುತ್ತದೆ. ಕೆಲವು ರೇಡಿಯೋಗಳಲ್ಲಿ ಈ ಅಂಕಿ 452 ಅಥವಾ 470. ಆದುದರಿಂದ ಅದರ ನಕ್ಷೆಯನ್ನು ನೋಡದೆ ಮುಂದುವರಿಯಬಾರದು.

ಸಿಗ್ನಲ್ ಜನರೇಟರಿನಿಂದ ಆ ಕಂಪನಾಂಕದ ಕ್ಷೀಣ ಸಂಕೇತವನ್ನು ಕೊಟ್ಟು, ದನಿ ಗರಿಷ್ಠವಾಗುವಂತೆ ಮಧ್ಯದ ಸುರುಳಿಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಹದಗೊಳಿಸಬೇಕು. ಉಕ್ಕಿನ ಸಾಧನ ತಗುಲಿದರೆ ಹದವೇ ಬದಲಾಗುತ್ತದೆ. ಬಲವಂತ ಮಾಡಿದರೆ ತಿರುಳು ಒಡೆಯುತ್ತದೆ. ಬಳಿಕ ಮೀಡಿಯಂ ವೇವಿನ ಮುಳ್ಳನ್ನು 600ರ ಬಳಿ ಸುರುಳಿಯಿಂದಲೂ 1400ರ ಬಳಿ ಟ್ರಿಮ್ಮರಿನಿಂದಲೂ ಸರಿಹೊಂದಿಸಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಕೊಂಚ ಸರಿಯುವುದರಿಂದ ಎರಡು ಮೂರು ಸಲ ಹೋಗಿ ಬರುವುದು ಅನಿವಾರ್ಯ.

ತಂಬೂರಿಯ ತಂತಿ ತುಕ್ಕು ಹಿಡಿದಿರುವಾಗ ಶ್ರುತಿ ಮಾಡುವವರಿಲ್ಲ. ತಂತಿ ಬದಲಿಸಿದ ಮೇಲೆಯೇ ಬಿರಡೆಗೆ ಕೈ. ರೇಡಿಯೋದ ನ್ಯಾಯವೂ ಅದೇ. ಕಾರ್ಖಾನೆಯಲ್ಲಿ ಕೂಡಿಸಿದ ಶ್ರುತಿ ಅನೇಕ ವೇಳೆ ಇನ್ನೂ ನೆಟ್ಟಗೇ ಇರುತ್ತದೆ. ಅದನ್ನು ಕೆಡಿಸದೆ ಕಾದವನ ಮನೆಯಲ್ಲಿ, ವಾಲ್ವುಗಳು ಕೆಂಪಗೆ ಕಾಯ್ದು, ಅರೆನಿಮಿಷದ ಗೊರಗೊರದ ಬಳಿಕ, ಹಳೆಯ ಪೆಟ್ಟಿಗೆ ಮತ್ತೆ ಮಾತನಾಡುತ್ತದೆ.