ನಿಮಗಿದು ಗೊತ್ತೆ? ನಟ್ ಬಿಗಿದಾಗ ಬೋಲ್ಟ್ ಹಿಗ್ಗುತ್ತದೆ!

ಕಾರಿನ ಚಕ್ರದ ನಟ್ ಬಿಗಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಎಳೆತವೇ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುವುದು. ಹಾಗಂತ ಸ್ಪ್ಯಾನರ್ ಮೇಲೆ ಹತ್ತಿ ನಿಂತು ತುಳಿಯಲೇಬೇಡಿ. ಅತಿಯಾಗಿ ಹಿಗ್ಗಿದ ಬೋಲ್ಟ್ ದಾರಿಯಲ್ಲಿ ತುಂಡಾದೀತು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಂದರೆ ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 20 ಕಿಲೋ ಭಾರ. ನಿಖರ ಅಂಕಿ ನಿಮ್ಮ ಕಾರಿನ ಕೈಪಿಡಿಯಲ್ಲಿದೆ, ಅದನ್ನೇ ನಂಬಿ.

ಚಕ್ರ ಬದಲಿಸುವಾಗ ಮೊದಲು ಎಲ್ಲ ನಟ್‌ಗಳನ್ನೂ ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಜ್ಯಾಕ್ ಇಳಿಸಿದ ಮೇಲೆ ಎದುರುಬದುರಿನ ನಟ್‌ಗಳನ್ನು ಸರದಿಯಲ್ಲಿ ಬಿಗಿಮಾಡಿ. ಪಕ್ಕಪಕ್ಕದ್ದನ್ನೇ ಬಿಗಿಯುತ್ತ ಹೋದರೆ ರಿಮ್ ಓರೆಯಾಗಿ ಕೂರಬಹುದು. ಥ್ರೆಡ್‌ಗೆ ಎಣ್ಣೆ ಸವರುವ ಅಭ್ಯಾಸವೂ ಅಪಾಯವೇ: ಜಾರುವ ಥ್ರೆಡ್‌ನಿಂದಾಗಿ ಅಷ್ಟೇ ಬಲಕ್ಕೆ ಬೋಲ್ಟ್ ಇನ್ನಷ್ಟು ಹಿಗ್ಗುತ್ತದೆ. 50ರಿಂದ 100 ಕಿ.ಮೀ. ಓಡಿಸಿ, ಬಿಗಿತ ಮತ್ತೊಮ್ಮೆ ನೋಡಿ.